ಟ್ರ್ಯಾಕ್ ಡೇಗೆ ಕಾರು ಸಿದ್ಧಪಡಿಸುವಾಗ ನಾನು ಮೊದಲು ಬ್ರೇಕ್ ನೋಡುತ್ತೇನೆ

ಟ್ರ್ಯಾಕ್ ಡೇ ಅಂದರೆ ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಕಾರು ಓಡಿಸುವ ದಿನ. ದಿನಬಳಕೆಯ ಕಾರನ್ನೇ ಅಲ್ಲಿಗೆ ಒಯ್ಯುವವರು ಸಾಮಾನ್ಯವಾಗಿ ಕೈಹಾಕುವುದು ಏರ್ ಫಿಲ್ಟರ್‌ಗೋ ಸೈಲೆನ್ಸರ್‌ಗೋ. ನಾನು ಅವೆರಡನ್ನೂ ಮುಟ್ಟುವುದಿಲ್ಲ. ಸದ್ದು ಜಾಸ್ತಿಯಾದಷ್ಟೂ ಕಾರು ಓಡುತ್ತದೆ ಎಂದು ನಂಬಿದವರ ಜೊತೆ ವಾದಕ್ಕೂ ನಿಲ್ಲುವುದಿಲ್ಲ. ಕೆಲವೇ ಲ್ಯಾಪ್‌ಗಳಲ್ಲಿ ಕೈಕೊಡುವುದು ಬ್ರೇಕ್.

ಅದರಲ್ಲೂ ಪೆಡಲ್ ಒತ್ತಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಆಯಿಲ್‌ಗೆ ಆ ಮಿತಿ 155 ಮಾತ್ರ. ಕುದ್ದರೆ ಪೈಪಿನೊಳಗೆ ಆವಿ. ಆವಿ ಒತ್ತಿದಷ್ಟೂ ಕುಗ್ಗುವುದರಿಂದ ಪೆಡಲ್ ನೆಲಕ್ಕೆ ಇಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಅದು ಬೇರೆ ಕಾಯಿಲೆ: ಕಾದುಹೋಗಿರುವುದು ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್. ಎರಡಕ್ಕೂ ಮದ್ದು ಬೇರೆಬೇರೆ.

ಹಾಗಾಗಿ ಹೋಗುವ ವಾರವೇ ಪೂರ್ತಿ ಆಯಿಲ್ ಬದಲಿಸುತ್ತೇನೆ. ಒಂದು ಲೀಟರ್ ಸಾಕು, ಸೀಲ್ ಒಡೆಯದ ಡಬ್ಬಿಯೇ ಆಗಬೇಕು. ಡಾಟ್ 4 ಇದ್ದಲ್ಲಿ ಡಾಟ್ 5.1 ಹಾಕಬಹುದು. ಡಾಟ್ 5 ಸಿಲಿಕೋನ್ ಜಾತಿಯದು, ಅದನ್ನು ಬೆರೆಸಲೇಬಾರದು. ಹಳೆಯ ಆಯಿಲ್ ಮತ್ತು ಗಾಳಿಯನ್ನು ಹೊರಹಾಕುವ ಬ್ಲೀಡಿಂಗ್‌ಗೆ ಇಬ್ಬರು ಬೇಕು. ಪೆಡಲ್ ಹತ್ತಿರ ಕೂತವರು 'ಒತ್ತಿದೆ' ಅಂದ ಮೇಲೆ ಇನ್ನೊಬ್ಬರು ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಬೇಕು, ನಿಪ್ಪಲ್ ಬಿಗಿದು 'ಬಿಡಿ' ಅಂದ ಮೇಲೆಯೇ ಅವರು ಕಾಲು ತೆಗೆಯಬೇಕು. ಈ ಕ್ರಮ ತಪ್ಪಿದರೆ ಗಾಳಿ ಒಳಗೆ. ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ, ಇಲ್ಲವಾದರೆ ಮೂಲೆ ಸವೆಯುತ್ತದೆ. ಹಳೆಯ ಕಾರಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡುತ್ತೇನೆ. ಪೆಡಲ್ ತಳಮುಟ್ಟಿದರೆ, ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸೀಲ್ ಎಂದೂ ಓಡಾಡದ, ತುಕ್ಕು ಹಿಡಿದ ಜಾಗಕ್ಕೆ ಹೋಗಿ ಹರಿಯುತ್ತದೆ. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ.

ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಬದಲಿಸುತ್ತೇನೆ. ತೆಳು ಪ್ಯಾಡ್ ಶಾಖವನ್ನು ನೇರವಾಗಿ ತನ್ನನ್ನು ಒತ್ತುವ ಕ್ಯಾಲಿಪರ್‌ಗೆ, ಅಲ್ಲಿಂದ ಆಯಿಲ್‌ಗೆ ದಾಟಿಸುತ್ತದೆ. ಹೊಸದನ್ನು ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 20 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಇಳಿಸಿ ಪಳಗಿಸಬೇಕು. ನಡುವೆ ಪೂರ್ತಿ ನಿಲ್ಲಿಸಬಾರದು.

ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ, ಅಂದರೆ ಸಡಿಲ, ಸಿಕ್ಕರೆ ಸವೆದಿರುವುದು ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಬಲಕ್ಕೆ ಮಾತ್ರ ಆಟವಿದ್ದರೆ ಸ್ಟೀರಿಂಗ್‌ನ ಟೈ ರಾಡ್ ಎಂಡ್. ಇವು ರಿಪೇರಿಯಾಗದೆ ಕಾರು ಹೊರಡಬಾರದು.

ಎಂಜಿನ್ ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗೆ ಸರಿಯಾಗಿ ಇರಬೇಕು. ಕಡಿಮೆಯಿದ್ದರೆ ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಹೆಚ್ಚಾದರೆ ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತದೆ. ಬ್ಯಾಟರಿ ಕ್ಲ್ಯಾಂಪ್ ಕೈಯಲ್ಲಿ ಅಲುಗಾಡಿಸಿ ನೋಡಿ. ಸ್ಟೆಪ್ನಿ, ಜ್ಯಾಕ್, ನೀರಿನ ಬಾಟಲಿ, ಮ್ಯಾಟ್ ಎಲ್ಲಾ ಹೊರಗೆ. ಮ್ಯಾಟ್ ಪೆಡಲ್ ಅಡಿಗೆ ಜಾರುತ್ತದೆ.

ಟೈರಿಗೆ ಕಂಪನಿ ಹೇಳಿದ ಗಾಳಿ ಹಾಕಿ ಶುರುಮಾಡುತ್ತೇನೆ. ಟೈರ್ ಮೇಲ್ಮೈ ಗೋಡೆಗೆ ತಿರುಗುವ ಅಂಚಿನಲ್ಲಿ ಮೂರು ಕಡೆ ಸೀಮೆಸುಣ್ಣದ ಅಡ್ಡಗೆರೆ ಎಳೆದು, ನಾಲ್ಕೈದು ಲ್ಯಾಪ್ ಓಡಿಸಿ ನೋಡಿ. ಅಂಚಿನಲ್ಲಿರುವ ಪುಟ್ಟ ತ್ರಿಕೋನದ ಗುರುತಿನವರೆಗೆ ಗೆರೆ ಅಳಿಸಿದ್ದರೆ ಗಾಳಿ ಸರಿ. ಅದನ್ನು ದಾಟಿ ಗೋಡೆಯ ಮೇಲೂ ಅಳಿಸಿದ್ದರೆ ಟೈರ್ ಮಗುಚುತ್ತಿದೆ, 2 ಪಿಎಸ್‌ಐ ಏರಿಸಿ. ಅಳಿಕೆ ಅಂಚಿನವರೆಗೂ ಬಂದಿಲ್ಲವೆಂದರೆ ಗಾಳಿ ಹೆಚ್ಚು, ಇಳಿಸಿ. ಬಿಸಿಯಾದಾಗ ಒತ್ತಡ ತಾನಾಗಿ ಏರಿ ತಣ್ಣಗಾದಾಗ ಇಳಿಯುವುದರಿಂದ, ಹೀಗೆ ಇಳಿಸಿದ ಗಾಳಿಯನ್ನು ಮನೆಗೆ ಹೊರಡುವ ಮುಂಚೆ ಮತ್ತೆ ತುಂಬಿಸಬೇಕು.

ಕೊನೆಯ ಲ್ಯಾಪನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿ ಒಳಗೆ ಬರುತ್ತೇನೆ. ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಎಳೆದರೆ ಕಾದ ಪ್ಯಾಡ್ ಡಿಸ್ಕ್‌ಗೆ ಅಂಟಿ ಗುರುತು ಬಿಡುತ್ತದೆ, ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ನಡುಕ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡುತ್ತೇನೆ. ಚಕ್ರ ತಣ್ಣಗಾದ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು, ಮ್ಯಾನುಯಲ್‌ನಲ್ಲಿ ಕೊಟ್ಟ ಅಳತೆಗೆ ಚಕ್ರದ ಎಲ್ಲಾ ನಟ್‌ಗಳನ್ನು ಇನ್ನೊಮ್ಮೆ ನೋಡುತ್ತೇನೆ.