ಹುಟ್ಟಿದ ತೂಕ ಗೊತ್ತಿಲ್ಲ

ಮಗನ ಮಾತು, ಬೆಳವಣಿಗೆಯ ಥೆರಪಿಗೆ ಹೋದ ಕಡೆಯಲ್ಲೆಲ್ಲ ಮೊದಲು ಒಂದು ಫಾರಂ ಕೊಡುತ್ತಾರೆ. ಹುಟ್ಟಿದ ತಕ್ಷಣ ಮಗು ಅತ್ತಿತೇ? ಹುಟ್ಟಿದ ತೂಕ ಎಷ್ಟು? ತಿಂಗಳು ತುಂಬಿತ್ತೇ? ಬಸುರಿಯಾಗಿದ್ದಾಗ ಏನಾದರೂ ಮಾತ್ರೆ ತಗೊಂಡಿದ್ದಿರಾ? ನಾನು ಎಲ್ಲದರ ಮುಂದೆಯೂ ‘ಗೊತ್ತಿಲ್ಲ’ ಅಂತ ಬರೆಯುತ್ತಿದ್ದೆ. ಎದುರಿಗೆ ಕೂತವರು ಒಂಥರಾ ನೋಡುತ್ತಿದ್ದರು, ಇವಳೆಂಥಾ ತಾಯಿ ಅಂತ. ದತ್ತು ಮಗು ಅಂತ ಆ ಸಾಲಿನಲ್ಲಿ ನಿಂತವರ ಮುಂದೆ ಹೇಳೋಕೆ ನನಗಿಷ್ಟ ಇರಲಿಲ್ಲ. ಆಮೇಲೆ ಒಂದು ಚೀಟಿ ಬರೆದಿಟ್ಟುಕೊಂಡೆ. ಫಾರಂ ಜೊತೆ ಮಡಚಿ ಕೊಟ್ಟುಬಿಡುತ್ತಿದ್ದೆ.

ಮಗ ನಮ್ಮ ಮನೆಗೆ ಬಂದಿದ್ದು 2022ರ ಶುರುವಿನಲ್ಲಿ. ನಮ್ಮದು ಚಿತ್ರದುರ್ಗ. ಆಗ ಅವನಿಗೆ ಎರಡು ವರ್ಷ ನಾಲ್ಕು ತಿಂಗಳು, ತೂಕ ಒಂಬತ್ತು ಕೆ.ಜಿ. ಗೋಡೆ ಹಿಡಿದು ನಡೆಯುತ್ತಿದ್ದ. ಒಂದು ಮಾತೂ ಇಲ್ಲ. ಗಂಜಿ ಬಿಟ್ಟು ಬೇರೇನು ಕೊಟ್ಟರೂ ವಾಕರಿಕೆ. ಅವನ ಬೆಳವಣಿಗೆ ನಿಧಾನ ಅಂತ ನಮಗೆ ಮೊದಲೇ ಹೇಳಿದ್ದರು, ನಾವು ಒಪ್ಪಿಯೇ ತಂದಿದ್ದು. ಆದರೆ ಎಲ್ಲರೂ ಹೇಳಿದ್ದು ಒಂದೇ ಮಾತು: ಸಂಸ್ಥೆಯಲ್ಲಿ ಬೆಳೆದದ್ದಕ್ಕೆ ಹೀಗೆ, ಮನೆ ಊಟ, ಮಡಿಲು ಸಿಕ್ಕರೆ ಸರಿಹೋಗುತ್ತಾನೆ. ನಾವು ತೋರಿಸಿದ ಒಬ್ಬ ಡಾಕ್ಟರೂ ‘ಸ್ವಲ್ಪ ಕಾಯಿರಿ’ ಅಂದರು.

ಎಂಟು ತಿಂಗಳು ಕಾದೆವು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ತೂಕ ಏರಿತು, ನಡಿಗೆ ಬಂತು, ರಾತ್ರಿ ತಲೆ ತೂಗಿಕೊಂಡು ಮಲಗುವುದು ಕಡಿಮೆಯಾಯಿತು. ಮಾತು ಮಾತ್ರ ಬರಲಿಲ್ಲ, ಬೆರಳಿಗೆ ಹಿಡಿತ ಬರಲಿಲ್ಲ. ಸಂಸ್ಥೆಯಿಂದ ಬಂದದ್ದೆಷ್ಟು, ಮಿದುಳಿನಿಂದ ಬಂದದ್ದೆಷ್ಟು ಅಂತ ಬೇರೆ ಮಾಡಿ ನೋಡೋಕೆ ಹೋಗಿದ್ದೇ ನಮ್ಮ ತಪ್ಪು. ಥೆರಪಿಗೆ ಆ ಉತ್ತರ ಬೇಕಾಗಿಯೇ ಇರಲಿಲ್ಲ. ಎರಡಕ್ಕೂ ಮಾಡುವ ಕೆಲಸ ಮೊದಮೊದಲು ಒಂದೇ.

ಇನ್ನೊಂದು ಪೆದ್ದುತನ ಹೇಳಿಬಿಡುತ್ತೇನೆ. ದತ್ತು ಆದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗುತ್ತಾರೆ. ಮೊದಲ ಸಲ ಸಮಾಜ ಕಾರ್ಯಕರ್ತೆ ಬಂದಾಗ ಮನೆ ಒರೆಸಿ, ಮಗನಿಗೆ ಹೊಸ ಅಂಗಿ ಹಾಕಿ, ‘ಎಲ್ಲ ಚೆನ್ನಾಗಿದೆ ಮೇಡಂ’ ಅಂದೆ. ಕಷ್ಟ ಅಂದರೆ ಮಗನನ್ನು ವಾಪಸ್ ಕರಕೊಂಡು ಹೋಗುತ್ತಾರೇನೋ ಅನ್ನೋ ಭಯ. ಎರಡನೇ ಸಲ ಬಂದಾಗ ತಡೆಯಲಾಗದೆ ಅತ್ತುಬಿಟ್ಟೆ. ದಾವಣಗೆರೆಯ ಸಿ.ಆರ್.ಸಿ ಹೆಸರು ನಾನು ಮೊದಲು ಕೇಳಿದ್ದೇ ಅವರ ಬಾಯಲ್ಲಿ. ಅಂಗವಿಕಲರ ಪುನರ್ವಸತಿ ಕೇಂದ್ರ ಅದು, ಕೇಂದ್ರ ಸರ್ಕಾರದ್ದು, ಸಿಕಂದರಾಬಾದಿನಲ್ಲಿ ಬೌದ್ಧಿಕ ಅಂಗವಿಕಲರಿಗಾಗಿ ಇರುವ ಎನ್‌ಐಇಪಿಐಡಿ ಸಂಸ್ಥೆಯ ಆಡಳಿತದಲ್ಲಿದೆ. ಅರವತ್ತು ಕಿಲೋಮೀಟರ್ ದೂರದಲ್ಲಿತ್ತು, ನಮಗೆ ಗೊತ್ತಿರಲಿಲ್ಲ.

ಹೋಗುವ ಮೊದಲು ಆ ಸಮಾಜ ಕಾರ್ಯಕರ್ತೆಯೇ ಹೇಳಿದ ಕೆಲಸ ಒಂದು ಮಾಡಿದೆ. ದತ್ತು ಫೈಲಿನಲ್ಲಿ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ಪರೀಕ್ಷಾ ವರದಿ ಅಂತ ಎರಡು ಇರುತ್ತವೆ. ನಾವು ಅದನ್ನು ಓದಿದ್ದು ಆಯ್ಕೆ ಮಾಡುವಾಗ ಒಂದು ಸಲ, ಅಷ್ಟೇ. ಮತ್ತೆ ತೆಗೆದು ಓದಿದೆ. ದತ್ತು ಕೇಂದ್ರಕ್ಕೆ ಹೋಗಿ ತೂಕದ ಚಾರ್ಟ್, ಲಸಿಕೆ ಕಾರ್ಡಿನ ನಕಲು ಕೇಳಿದೆ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಲ್ಲಿಯ ಆಯಾ ಹೇಳಿದ್ದು. ಕುತ್ತಿಗೆ ನಿಂತಿದ್ದು ತಡ, ಜ್ವರಕ್ಕೆ ಒಂದು ಸಲ ಫಿಟ್ಸ್ ಬಂದಿತ್ತು, ಊಟ ಯಾವಾಗಲೂ ಗಂಜಿಯೇ, ಹತ್ತು ಮಕ್ಕಳಿಗೆ ಒಬ್ಬಳೇ ಉಣಿಸೋಕೆ ಅದೇ ಬೇಗ ಆಗುತ್ತಿತ್ತು ಅಂತ. ವಾಕರಿಕೆಯ ಗುಟ್ಟು ಅಲ್ಲಿತ್ತು. ಅಗಿಯೋದನ್ನು ಯಾರೂ ಕಲಿಸಿರಲಿಲ್ಲ.

ವಾರಕ್ಕೆ ಎರಡು ದಿನ ದಾವಣಗೆರೆ. ಮೊದಲು ಬಸ್ ಚಾರ್ಜೇ ಭಾರ ಅನಿಸುತ್ತಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ನನ್ನ ಟಿಕೆಟ್ ಉಳಿಯಿತು. ಆದರೆ ನಮ್ಮ ಕಡೆ ಪ್ರೈವೇಟ್ ಬಸ್ ಜಾಸ್ತಿ, ಅದರಲ್ಲಿ ಶಕ್ತಿ ನಡೆಯಲ್ಲ. ಎದುರಿಗೆ ಖಾಲಿ ಪ್ರೈವೇಟ್ ಬಸ್ ಹೋಗುತ್ತಿದ್ದರೂ ಸರ್ಕಾರಿ ಬಸ್ಸಿಗೇ ಕಾಯುತ್ತಾ ನಿಲ್ಲಬೇಕು.

ದಾವಣಗೆರೆಗೆ ಹೋಗೋಕೂ ಮೊದಲು ಒಂದು ಖಾಸಗಿ ಕ್ಲಿನಿಕ್‌ಗೆ ಸ್ವಲ್ಪ ದಿನ ಹೋಗಿದ್ದೆವು. ಅಲ್ಲಿ ತಾಯಂದಿರು ಹೊರಗೆ ಕೂರಬೇಕು. ಅತ್ತರೆ ಅಳಲಿ, ನಾಲ್ಕು ದಿನಕ್ಕೆ ಸರಿಹೋಗುತ್ತೆ ಅಂದರು. ಬೇರೆ ಮಕ್ಕಳಿಗೆ ಸರಿ ಇರಬಹುದು. ನನ್ನ ಮಗ ಅಳಲಿಲ್ಲ. ಅಪರಿಚಿತರ ಕೈ ಹಿಡಿದು ತಿರುಗಿಯೂ ನೋಡದೆ ಒಳಗೆ ಹೋದ. ‘ಎಷ್ಟು ಒಳ್ಳೆ ಮಗು, ಎಲ್ಲರ ಹತ್ತಿರ ಬರ್ತಾನೆ’ ಅಂತ ಹೊಗಳಿದರು. ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಎಲ್ಲರ ಹತ್ತಿರ ಹೋಗುವ ಮಗುವಿಗೆ ತನ್ನವರು ಯಾರು ಅಂತ ಇನ್ನೂ ಗೊತ್ತಾಗಿಲ್ಲ ಅಂತ ತಾನೇ ಅರ್ಥ? ಸಿ.ಆರ್.ಸಿಯಲ್ಲಿ ಮೊದಲ ದಿನವೇ ಕೇಳಿದೆ, ನಾನು ಒಳಗೆ ಕೂರುತ್ತೇನೆ ಅಂತ. ಕೂರಿಸಿಕೊಂಡರು. ಮನೆಯಲ್ಲೂ ಮೂರು ತಿಂಗಳು ಸ್ನಾನ, ಊಟ, ನಿದ್ದೆ ಮೂರೂ ನಾವಿಬ್ಬರೇ. ಅತ್ತೆಗೆ ಬೇಜಾರಾಯಿತು. ಆದರೂ ಬಿಡಲಿಲ್ಲ. ಒಂದು ದಿನ ಥೆರಪಿ ರೂಮಿನಿಂದ ನೀರು ಕುಡಿಯೋಕೆ ಎದ್ದು ಹೊರಗೆ ಹೋದೆ, ಹಿಂದಿನಿಂದ ಕಿರುಚಿದ. ನಾನು ಬಾಗಿಲಲ್ಲೇ ನಿಂತು ನಕ್ಕೆ. ಥೆರಪಿಸ್ಟಿಗೆ ಅರ್ಥವಾಗಲಿಲ್ಲ.

ಅಲ್ಲಿ ಸಿಗುತ್ತಿದ್ದದ್ದು ಮುಕ್ಕಾಲು ಗಂಟೆ. ಉಳಿದದ್ದೆಲ್ಲ ಅಡುಗೆಮನೆಯಲ್ಲಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಹಿಡಿಯೋಕೆ ಮಣಿ ಪೋಣಿಸಿ ಅಂದಿದ್ದರು. ಇವನು ಮಣಿಯನ್ನು ಬಾಯಿಗೆ ಹಾಕುತ್ತಿದ್ದ. ಮಂಡಕ್ಕಿ ಕೊಡಲಾ ಅಂತ ಕೇಳಿದೆ. ದಾವಣಗೆರೆಯವರಿಗೆ ಮಂಡಕ್ಕಿ ಬೇಡ ಅನ್ನೋಕೆ ಬರುತ್ತಾ? ಅಗಲ ತಟ್ಟೆಯಲ್ಲಿ ಒಂದೊಂದೇ ಕಾಳು ದೂರದೂರ ಇಟ್ಟು, ನಾನು ಎದುರಿಗೇ ಕೂತು, ಒಂದೊಂದಾಗಿ ತೆಗೆಸುತ್ತಿದ್ದೆ. ಮೊದಲು ಅಂಗೈಯಿಂದ ಬಳಿಯುತ್ತಿದ್ದ. ಐದು ತಿಂಗಳಿಗೆ ಎರಡು ಬೆರಳು ಬಂತು. ಅಗಿಯೋಕೆ ಇಡ್ಲಿಯಿಂದ ಶುರು. ತುತ್ತನ್ನು ನಾಲಿಗೆ ಮಧ್ಯೆ ಇಡದೆ ದವಡೆ ಹಲ್ಲಿನ ಪಕ್ಕಕ್ಕೆ ಇಡಬೇಕು, ಆಗ ದವಡೆ ತಾನೇ ಆಡುತ್ತೆ. ಆಮೇಲೆ ಬೆಣ್ಣೆ ದೋಸೆಯ ಮೆತ್ತನೆ ನಡುಭಾಗ, ಅಂಚು ಅದರ ಆಮೇಲೆ. ಚಪಾತಿಗೆ ಬರೋಕೆ ಒಂದು ವರ್ಷ ಹಿಡಿಯಿತು.

ಕಾಗದದ ವಿಷಯ. ನಮ್ಮ ದತ್ತು ಅರ್ಜಿ ಕೋರ್ಟಿನಲ್ಲಿದ್ದಾಗಲೇ ಕಾನೂನು ಬದಲಾಗಿ, 2022ರ ಸೆಪ್ಟೆಂಬರ್ 1ರಿಂದ ಆದೇಶ ಕೊಡುವ ಅಧಿಕಾರ ಡಿ.ಸಿ.ಯವರಿಗೆ ಬಂತು. ಫೈಲು ಅಲ್ಲಿಂದ ಇಲ್ಲಿಗೆ ಬರೋಷ್ಟರಲ್ಲಿ ನಾನು ಅವಸರ ಮಾಡಿ ಹಳೇ ಹೆಸರಿನಲ್ಲೇ ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿಬಿಟ್ಟೆ. ಆದೇಶ ಬಂದು ಹೊಸ ಜನನ ಪ್ರಮಾಣಪತ್ರ, ಹೊಸ ಆಧಾರ್ ಆದ ಮೇಲೆ ಎಲ್ಲ ತಿದ್ದಿಸಬೇಕಾಯಿತು. ಕಾರ್ಡಿಗೆ ಆದೇಶ ಬರೋತನಕ ಕಾಯಿರಿ, ಥೆರಪಿಗೆ ಒಂದು ದಿನವೂ ಕಾಯಬೇಡಿ. ಥೆರಪಿಗೆ ನನ್ನನ್ನು ಯಾರೂ ಕಾರ್ಡು ಕೇಳಲಿಲ್ಲ.

ಐದು ವರ್ಷದೊಳಗಿನ ಮಕ್ಕಳಿಗೆ ‘ಸಮಗ್ರ ಬೆಳವಣಿಗೆ ವಿಳಂಬ’ ಅಂತ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಐದಾದ ಮೇಲೆ ಮತ್ತೆ ಪರೀಕ್ಷೆ ಮಾಡಿ ಬೌದ್ಧಿಕ ಅಂಗವೈಕಲ್ಯ ಇದೆಯೋ ಇಲ್ಲವೋ ಬರೆಯುತ್ತಾರೆ. ನಮಗೆ ಶೇ. 50 ಅಂತ ಬಂತು. ಆ ದಿನ ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಸೌಲಭ್ಯಗಳ ಬಾಗಿಲು ತೆರೆಯೋದು. ಅದರ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿದೆವು. ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿ ಖರ್ಚೂ ಸೇರುತ್ತದೆ, ಸೇರುವಾಗ ವೈದ್ಯಕೀಯ ಪರೀಕ್ಷೆ ಇಲ್ಲ. ಪ್ರತಿ ವರ್ಷ ನವೀಕರಿಸಬೇಕು. ಬಿಲ್ಲು ಬಿಸಾಡಬೇಡಿ.

ಕಾಯುವ ಬೆಂಚಿನಲ್ಲಿ ಹರಿಹರದ ಕಡೆಯ ಒಬ್ಬರು ಪರಿಚಯವಾದರು. ಅವರದು ದತ್ತು ಅಲ್ಲ, ಪೋಷಕತ್ವ (ಫಾಸ್ಟರ್ ಕೇರ್), ಅಂದರೆ ದತ್ತು ಇಲ್ಲದೆ ಮನೆಯಲ್ಲಿಟ್ಟು ಸಾಕುವುದು. ಹುಡುಗಿಗೆ ಒಂಬತ್ತು ವರ್ಷ. ಮಕ್ಕಳ ರಕ್ಷಣೆಗಿರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ ನಾಲ್ಕು ಸಾವಿರ ಬರುತ್ತೆ, ಆದರೆ ದೊಡ್ಡ ನಿರ್ಧಾರಕ್ಕೆಲ್ಲ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಬೇಕು. 2024ರ ಹೊಸ ಮಾರ್ಗಸೂಚಿಯಲ್ಲಿ ಐದು ವರ್ಷದ ಬದಲು ಎರಡು ವರ್ಷ ಸಾಕಿದ ಮೇಲೆ ದತ್ತು ಕೇಳಬಹುದು ಅಂತ ಆಗಿದೆ. ಅವರು ದಿನ ಎಣಿಸುತ್ತಿದ್ದಾರೆ.

ಶಾಲೆ. ಒಂದು ಖಾಸಗಿ ಶಾಲೆ ‘ಸ್ಪೆಷಲ್ ಸ್ಕೂಲಿಗೆ ಹಾಕಿ’ ಅಂತ ನಯವಾಗಿ ಕಳಿಸಿತು. ಜಗಳಕ್ಕೆ ನಿಲ್ಲಲಿಲ್ಲ. 2016ರ ಅಂಗವಿಕಲರ ಕಾಯ್ದೆಯಲ್ಲಿ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆರಿಸುವ ಹಕ್ಕು ಮಗುವಿನದು. ಮನೆ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿದೆವು. ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರಕ್ಕೆ (ಬಿ.ಆರ್.ಸಿ.) ಹೋಗಿ, ಅಂಗವಿಕಲ ಮಕ್ಕಳ ಕಲಿಕೆಗೆ ನೆರವಾಗುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿದೆ. ಅವರು ಬಂದು ಟೀಚರಿಗೆ ಹೇಳಿಕೊಟ್ಟು ಹೋದರು: ಮುಂದಿನ ಸಾಲು, ಚಿಕ್ಕ ಸೂಚನೆ, ಒಂದು ಸಲಕ್ಕೆ ಒಂದೇ ಕೆಲಸ.

ಈಗ ಅವನಿಗೆ ಆರು ದಾಟಿತು, ಬಸ್ಸಿನಲ್ಲಿ ಪುಕ್ಕಟೆ ಮುಗಿಯಿತು. ಅಂಗವಿಕಲರ ಪಾಸ್ ಮಾಡಿಸಿದೆ, ಮನೆಯಿಂದ ನೂರು ಕಿಲೋಮೀಟರ್ ನಡೆಯುತ್ತೆ. ಕುತ್ತಿಗೆಗೆ ದಾರದಲ್ಲಿ ಹಾಕಿಕೊಳ್ಳುತ್ತಾನೆ. ಕಂಡಕ್ಟರ್ ಬಂದರೆ ಎತ್ತಿ ಹಿಡಿದು ‘ಪಾ’ ಅನ್ನುತ್ತಾನೆ. ‘ಸ್’ ಇನ್ನೂ ಬಂದಿಲ್ಲ. ಮಂಗಳವಾರ ಅದಕ್ಕೇ ಹೋಗುತ್ತಿದ್ದೇವೆ.