ಹಳೇ ಮಾನಿಟರ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್? ಪರದೆಯಿಂದ ಲೆಕ್ಕ ಶುರುಮಾಡಿ

ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್.ಪಿ. ರೋಡಿನ ಯಾವ ಅಂಗಡಿಗೇ ಹೋಗಿ "ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು" ಅನ್ನಿ, ಮೊದಲು ಬರುವ ಪ್ರಶ್ನೆ "ಬಜೆಟ್ ಎಷ್ಟು ಸರ್?" ಅಂತಲೇ. ಕೇಳುವುದು ತಪ್ಪಲ್ಲ, ಅದು ಅವರ ವ್ಯಾಪಾರ. ಆದರೆ ಮನೆಯಲ್ಲಿರುವ ಮಾನಿಟರ್ ಯಾವುದು, ಕ್ಯಾಬಿನೆಟ್ ಒಳಗೆ ಎಂಥ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಡಬ್ಬಿ) ಇದೆ ಅಂತ ನೋಡಿಕೊಳ್ಳದೆ ನೀವೊಂದು ಮೊತ್ತ ಹೇಳಿಬಿಟ್ಟರೆ, ಆ ಮೊತ್ತಕ್ಕೆ ಸರಿಹೋಗುವ ಕಾರ್ಡ್ ಸಿಗುತ್ತದೆ. ನಿಮ್ಮ ಕಂಪ್ಯೂಟರ್‌ಗೆ ಸರಿಹೋಗುವುದು ಸಿಕ್ಕೀತು ಅನ್ನೋ ಖಾತ್ರಿ ಇಲ್ಲ.

ವಾರವೆಲ್ಲ ಆಫೀಸು, ಟ್ರಾಫಿಕ್ಕು; ಶನಿವಾರ ರಾತ್ರಿ ಒಂದೆರಡು ಗಂಟೆ ಆಟ. ಅಥವಾ ಮಗಳು ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿದ್ದಾಳೆ, ರಜೆಯಲ್ಲಿ ಆಡಲಿ ಅಂತ ಆಸೆ. ಮಾನಿಟರ್ ಎಂಟು ಹತ್ತು ವರ್ಷದ್ದು, ಇನ್ನೂ ಚೆನ್ನಾಗಿದೆ, ಬದಲಿಸುವ ಯೋಚನೆ ಇಲ್ಲ. ಇಂಥವರಿಗೆ ಬೇಕಾಗುವ ಕಾರ್ಡ್ ಅವರು ಅಂದುಕೊಂಡಿದ್ದಕ್ಕಿಂತ ಚಿಕ್ಕದೇ ಇರುತ್ತದೆ. ಅದನ್ನು ಆರಿಸುವ ಕ್ರಮ ಹೀಗೆ.

ಮೊದಲು ಪರದೆ

ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ರೆಸಲ್ಯೂಷನ್, ಅಂದರೆ ಪರದೆಯ ಅಗಲಕ್ಕೂ ಎತ್ತರಕ್ಕೂ ಎಷ್ಟು ಚುಕ್ಕೆ (ಪಿಕ್ಸೆಲ್) ಅನ್ನುವುದು, ಕಾಣುತ್ತದೆ, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ ಹೋದರೆ ರಿಫ್ರೆಶ್ ರೇಟ್ ಕಾಣುತ್ತದೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಳೇ ಚೌಕನೆಯ 17 ಇಂಚಿನ ಮಾನಿಟರ್ ಆದರೆ ಸಾಮಾನ್ಯವಾಗಿ 1280×1024 ಇರುತ್ತದೆ, 18.5 ಇಂಚಿನದು 1366×768, 20 ಇಂಚಿನವು ಎಷ್ಟೋ 1600×900. 22 ಇಂಚು ದಾಟಿದರೆ ಬಹುತೇಕ ಫುಲ್ ಎಚ್‌ಡಿ, ಅಂದರೆ 1920×1080.

ಈ ಸಂಖ್ಯೆಗಳನ್ನು ಗುಣಿಸಿ ನೋಡಿದರೆ ವಿಷಯ ಅರ್ಥವಾಗುತ್ತದೆ. 1366×768ರ ಪರದೆಯಲ್ಲಿ ಸುಮಾರು 10.5 ಲಕ್ಷ ಪಿಕ್ಸೆಲ್. ಫುಲ್ ಎಚ್‌ಡಿಯಲ್ಲಿ 20.7 ಲಕ್ಷ. 4ಕೆ ಪರದೆಯಲ್ಲಿ 83 ಲಕ್ಷ. ಆಟದ ಪ್ರತಿ ಚಿತ್ರಕ್ಕೂ ಕಾರ್ಡ್ ಅಷ್ಟು ಪಿಕ್ಸೆಲ್‌ಗೂ ಬಣ್ಣ ಲೆಕ್ಕ ಹಾಕಬೇಕು. ಯೂಟ್ಯೂಬ್ ವಿಮರ್ಶೆಗಳಲ್ಲಿ ಹೊಗಳಿಸಿಕೊಳ್ಳುವ ದೊಡ್ಡ ಕಾರ್ಡ್‌ಗಳೆಲ್ಲ ಈ 83 ಲಕ್ಷಕ್ಕೆ, ಇಲ್ಲವೇ 2560×1440ರ 37 ಲಕ್ಷಕ್ಕೆ ಅಂತ ತಯಾರಾದವು.

ಇನ್ನು ರಿಫ್ರೆಶ್ ರೇಟ್. ಹಳೇ ಮಾನಿಟರ್ ಅಂದರೆ 60 ಹರ್ಟ್ಜ್, ಸೆಕೆಂಡಿಗೆ 60 ಚಿತ್ರ. ಕಾರ್ಡ್ 150 ಚಿತ್ರ ತಯಾರಿಸಿದರೂ ಪರದೆ ತೋರಿಸುವುದು 60 ಮಾತ್ರ. ಪಂದ್ಯಕ್ಕೆ ಅಂತ ಶೂಟಿಂಗ್ ಗೇಮ್ ಆಡುವವರಿಗೆ ಆ ಹೆಚ್ಚಿನ ಚಿತ್ರಗಳಿಂದ ಮೌಸ್ ಸ್ವಲ್ಪ ಚುರುಕಾದ ಹಾಗೆ ಅನ್ನಿಸುತ್ತದೆ, ನಿಜ. ಆಗಾಗ ಆಡುವವರಿಗೆ ಅದು ಚೊಂಬು ಹಿಡಿದುಕೊಂಡು ಟ್ಯಾಂಕರ್ ನೀರು ತರಿಸಿದ ಹಾಗೆ.

ಮಾನಿಟರ್ ಹಿಂಭಾಗ ತಿರುಗಿಸಿ ನೋಡಿ

ಜನ ಎಡವುವುದು ಇಲ್ಲೇ ಜಾಸ್ತಿ. ಹಳೇ ಮಾನಿಟರ್ ಹಿಂದೆ ನೀಲಿ ಬಣ್ಣದ, ಮೂರು ಸಾಲಿನಲ್ಲಿ 15 ತೂತಿರುವ ಪೋರ್ಟ್ ಇದ್ದರೆ ಅದು ವಿಜಿಎ. ಬಿಳಿಯ ಅಗಲವಾದ ಪೋರ್ಟ್ ಡಿವಿಐ. ಈಗ ಸಿಗುವ ಹೊಸ ಕಾರ್ಡ್‌ಗಳಲ್ಲಿ ಬಹುತೇಕ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಎರಡೇ.

ಡಿವಿಐ ಇದ್ದರೆ ಚಿಂತೆ ಬೇಡ. ಎಚ್‌ಡಿಎಂಐ ಮತ್ತು ಡಿವಿಐ ಚಿತ್ರ ಕಳಿಸುವ ರೀತಿ ಒಂದೇ, ಆದ್ದರಿಂದ ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಡಿವಿಐ ಇರುವ ಸಾದಾ ಕೇಬಲ್ ಸಾಕು. ವಿಜಿಎ ಹಾಗಲ್ಲ. ಅದು ಅನಲಾಗ್ ಸಿಗ್ನಲ್. ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿ 2016ರಲ್ಲಿ ತಂದ ಜಿಟಿಎಕ್ಸ್ 10 ಸರಣಿಯಿಂದ ಆ ಸಿಗ್ನಲ್ ಕೊಡುವುದನ್ನೇ ನಿಲ್ಲಿಸಿತು. ಹಾಗಾಗಿ ವಿಜಿಎ ಮಾತ್ರ ಇರುವ ಮಾನಿಟರ್‌ಗೆ ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು, ಬರೀ ಕೇಬಲ್ ಸಾಲದು. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಕೊಳ್ಳುವಾಗ ಪಕ್ಕದಲ್ಲಿ ಯುಎಸ್‌ಬಿ ಪವರ್ ಕೊಡುವ ತೂತು ಇರುವುದನ್ನೇ ಕೇಳಿ ತಗೊಳ್ಳಿ, ಪವರ್ ಸಾಲದೆ ಪರದೆ ಮಿನುಗುವ ತೊಂದರೆ ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡುತ್ತಿದ್ದೀರಿ, ಅದರಲ್ಲಿ ಡಿವಿಐ ಪೋರ್ಟ್ ಇದೆ ಅಂದುಕೊಳ್ಳಿ. ಆ ಪೋರ್ಟನ್ನು ಹತ್ತಿರದಿಂದ ನೋಡಿ. ಒಂದು ಬದಿಯಲ್ಲಿ ಚಪ್ಪಟೆ ಸೀಳು ಇರುತ್ತದಲ್ಲ, ಅದರ ಸುತ್ತ ನಾಲ್ಕು ಚಿಕ್ಕ ತೂತು ಇದ್ದರೆ ಅದು ಡಿವಿಐ-ಐ, ಅಗ್ಗದ ಸಾದಾ ಅಡಾಪ್ಟರ್ ಹಾಕಿದರೂ ವಿಜಿಎ ಬರುತ್ತದೆ. ಸೀಳು ಮಾತ್ರ ಇದ್ದರೆ ಡಿವಿಐ-ಡಿ. ಅದಕ್ಕೆ ಆ ಅಡಾಪ್ಟರ್ ಉಪಯೋಗವಿಲ್ಲ.

ಕ್ಯಾಬಿನೆಟ್ ಬಿಚ್ಚಿ

ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪಕ್ಕದ ಬಾಗಿಲು ತೆಗೆಯಿರಿ. ಎಸ್‌ಎಂಪಿಎಸ್ ಮೇಲಿನ ಲೇಬಲ್ ಟಾರ್ಚ್ ಹಾಕಿ ಓದಿ. ದಪ್ಪ ಅಕ್ಷರದಲ್ಲಿ 450 ವಾಟ್ ಅಂತ ಬರೆದಿರಬಹುದು, ಅದನ್ನು ನಂಬಿ ಕೂರಬೇಡಿ. ಕೆಳಗಿನ ಕೋಷ್ಟಕದಲ್ಲಿ +12 ವೋಲ್ಟ್ ಅನ್ನುವ ಅಂಕಣ ಹುಡುಕಿ. ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರ್‌ಗೂ ಕರೆಂಟ್ ಬರುವುದು ಮುಖ್ಯವಾಗಿ ಅಲ್ಲಿಂದ. ಅಲ್ಲಿ 18 ಆಂಪಿಯರ್ ಅಂತಿದ್ದರೆ 12ರಿಂದ ಗುಣಿಸಿ: 216 ವಾಟ್. ಲೇಬಲ್ ಏನೇ ಕೂಗಿದರೂ ನಿಮ್ಮ ಕೈಗೆ ಸಿಗುವುದು ಅಷ್ಟೇ. ಕ್ಯಾಬಿನೆಟ್ ಜತೆಗೇ ಬಂದ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಈ ಅಂತರ ನೋಡಿದರೆ ಬೇಸರವಾಗುತ್ತದೆ.

ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿಯೇ 75 ವಾಟ್‌ವರೆಗೆ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಬೇಕು. 6 ಪಿನ್ನಿನ ವೈರ್ ಇನ್ನೊಂದು 75 ವಾಟ್ ಕೊಡುತ್ತದೆ, 8 ಪಿನ್ನಿನದು 150 ವಾಟ್. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಆ ವೈರ್ ಇಲ್ಲ ಅಂದರೆ, ಹಾರ್ಡ್ ಡಿಸ್ಕಿನ ವೈರಿಗೆ ಸಿಕ್ಕಿಸುವ ಕನ್ವರ್ಟರ್ ಕೊಡ್ತೀವಿ ಅಂತ ಅಂಗಡಿಯಲ್ಲಿ ಹೇಳಬಹುದು. ದಯವಿಟ್ಟು ಬೇಡ. ತೆಳು ವೈರಿನಲ್ಲಿ ಅಷ್ಟು ಕರೆಂಟ್ ಎಳೆದರೆ ಪ್ಲಗ್ ಕರಗಬಹುದು. ಒಂದೋ ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿ, ಇಲ್ಲವೇ 75 ವಾಟ್ ಒಳಗಿನ ಕಾರ್ಡ್ ನೋಡಿ.

ಬೆಂಗಳೂರಿನಲ್ಲಿ ಇನ್ನೊಂದು ವಿಷಯ. ಕಂಪನಿಗಳು ಬಳಸಿ ಬಿಟ್ಟ ರಿಫರ್ಬಿಶ್ಡ್ ಡೆಸ್ಕ್‌ಟಾಪ್ ಇಲ್ಲಿ ಬೇಕಾದಷ್ಟು ಮನೆಗಳಲ್ಲಿವೆ. ಅವುಗಳಲ್ಲಿ ಎಷ್ಟೋ ತೆಳ್ಳಗಿನ ಕ್ಯಾಬಿನೆಟ್, ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಯುತ್ತದೆ, ಎಸ್‌ಎಂಪಿಎಸ್ ಆಕಾರವೂ ಬೇರೆ, ಬದಲಿಸುವುದು ಸುಲಭವಲ್ಲ. ಟೇಪ್ ಹಿಡಿದು ಉದ್ದ, ಎತ್ತರ ಎರಡೂ ಅಳೆಯಿರಿ. ಯುಪಿಎಸ್ ಕೂಡ ಮರೆಯಬೇಡಿ: ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಹೊರುತ್ತದೆ, ಮಾನಿಟರ್ ಸೇರಿಸಿ. ಮಳೆಗಾಲದ ಸಂಜೆ ಕರೆಂಟ್ ಹೋದಾಗ ಹೊಸ ಕಾರ್ಡಿನ ಭಾರಕ್ಕೆ ಅದು ಕೀ ಅಂತ ಕೂಗಿ ಆಫ್ ಆದರೆ ಆಟದ ಜತೆ ಆಫೀಸಿನ ಕೆಲಸವೂ ಹೋಗುತ್ತದೆ.

ಕಾರ್ಡ್ ನಿಜವಾಗಿ ಬೇಕಾ?

ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಈಗಿರುವ ಕಂಪ್ಯೂಟರಿನಲ್ಲೇ ಆಟ ತೆರೆದು ರೆಸಲ್ಯೂಷನ್ ಮತ್ತು ಗ್ರಾಫಿಕ್ಸ್ ಎಲ್ಲವನ್ನೂ ತೀರಾ ಕಡಿಮೆಗೆ ಇಳಿಸಿ. ಚಿತ್ರಗಳ ವೇಗ ಏರಿತೋ, ಗ್ರಾಫಿಕ್ಸ್ ಭಾಗ ಸೋಲುತ್ತಿದೆ ಅಂತ ಅರ್ಥ, ಕಾರ್ಡ್ ಹಾಕಿದರೆ ಪ್ರಯೋಜನ ಇದೆ. ಏರಲೇ ಇಲ್ಲ ಅಂದರೆ ಪ್ರೊಸೆಸರ್ ಅಥವಾ ರ‍್ಯಾಮ್ ಸಾಲುತ್ತಿಲ್ಲ, ಎಂಥ ಕಾರ್ಡ್ ತಂದರೂ ಅದು ಹಾಗೇ ಇರುತ್ತದೆ. ರೈಜನ್ 5 5600ಜಿ ಥರದ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಇದ್ದು ರ‍್ಯಾಮ್ ಒಂದೇ ಸ್ಟಿಕ್ ಇದ್ದರೆ, ಅಂಥದ್ದೇ ಇನ್ನೊಂದು ಸ್ಟಿಕ್ ಹಾಕಿ ನೋಡಿ. ಒಳಗಿನ ಗ್ರಾಫಿಕ್ಸ್ ಆ ರ‍್ಯಾಮನ್ನೇ ಬಳಸುವುದರಿಂದ ವೇಗ ಚೆನ್ನಾಗಿ ಏರುತ್ತದೆ, 1366×768ರಲ್ಲಿ ಎಷ್ಟೋ ಆಟಕ್ಕೆ ಅಷ್ಟೇ ಸಾಕು.

ಆಡಬೇಕೆಂದಿರುವ ಆಟದ ಬೇಡಿಕೆಯನ್ನೂ ಒಮ್ಮೆ ಓದಿ. ವ್ಯಾಲೊರಂಟ್‌ಗೆ ದೊಡ್ಡ ಕಾರ್ಡ್ ಬೇಡವೇ ಬೇಡ, ಆದರೆ ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಸುರಕ್ಷತಾ ಸೌಲಭ್ಯ ಕೇಳುತ್ತದೆ. 2015ರಲ್ಲಿ ಪಿಸಿಗೆ ಬಂದ ಜಿಟಿಎ 5ರ ಮೂಲ ಆವೃತ್ತಿಗೆ 2 ಜಿಬಿ ಮೆಮೊರಿಯ ಕಾರ್ಡ್ ಸಾಕಾಗಿತ್ತು. ಇನ್ನೊಂದು ಕಡೆ, 2025ರ ಡೂಮ್: ದ ಡಾರ್ಕ್ ಏಜಸ್ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ ಸೌಲಭ್ಯ) ಇಲ್ಲದ ಕಾರ್ಡಿನಲ್ಲಿ ಓಡುವುದೇ ಇಲ್ಲ.

ಯಾವುದನ್ನು ಆರಿಸಲಿ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಳೇ ಎಸ್‌ಎಂಪಿಎಸ್, 60 ಹರ್ಟ್ಜ್ ಮಾನಿಟರ್, ಆಗಾಗ ಆಟ: ಇಷ್ಟಾದರೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050 6 ಜಿಬಿ ಮೊದಲು ನೋಡಿ. 70 ವಾಟ್‌ನ ಕಾರ್ಡ್, ಬೇರೆ ಪವರ್ ವೈರ್ ಬೇಡ, ರೇ ಟ್ರೇಸಿಂಗ್ ಮತ್ತು ಡಿಎಲ್‌ಎಸ್‌ಎಸ್ (ಕಡಿಮೆ ರೆಸಲ್ಯೂಷನ್ನಿನಲ್ಲಿ ಬಿಡಿಸಿ ಹಿಗ್ಗಿಸಿ ವೇಗ ಏರಿಸುವ ತಂತ್ರ) ಎರಡೂ ಇವೆ, ಲೋ ಪ್ರೊಫೈಲ್‌ನಲ್ಲೂ ಸಿಗುತ್ತದೆ. ಒಂದು ಎಚ್ಚರಿಕೆ ಇದೆ. ಇದೇ 3050 ಹೆಸರಿನಲ್ಲಿ 2022ರ 8 ಜಿಬಿ ಕಾರ್ಡ್ ಕೂಡ ಇದೆ, ಅದು 130 ವಾಟ್, ಅದಕ್ಕೆ ವೈರ್ ಬೇಕು. ಸುಮ್ನೆ "3050 ಕೊಡಿ" ಅನ್ನಬೇಡಿ, ಬಾಕ್ಸ್ ಮೇಲೆ ಎಷ್ಟು ಜಿಬಿ ಇದೆ ನೋಡಿ.

ಹಣ ಇನ್ನೂ ಉಳಿಸಬೇಕು, ಪರದೆಯೂ ಫುಲ್ ಎಚ್‌ಡಿಗಿಂತ ಕಡಿಮೆ ಅಂದರೆ ಜಿಟಿಎಕ್ಸ್ 1650 ಸೆಕೆಂಡ್ ಹ್ಯಾಂಡಿನಲ್ಲಿ ನೋಡಬಹುದು. 4 ಜಿಬಿ, ಹಲವು ಮಾಡೆಲ್‌ಗಳಿಗೆ ವೈರ್ ಬೇಡ, ರೇ ಟ್ರೇಸಿಂಗ್ ಇಲ್ಲ. ಅದಕ್ಕಿಂತ ಹಳೆಯ 1050 ಟಿಐ ಬೇಡ ಅನ್ನುತ್ತೇನೆ. ಎನ್‌ವಿಡಿಯಾ ಆ ತಲೆಮಾರಿಗೆ ಹೊಸ ಆಟಗಳ ಡ್ರೈವರ್ (ಕಾರ್ಡ್ ಓಡಿಸುವ ತಂತ್ರಾಂಶ) ಕೊಡುವುದನ್ನು 2025ರ ಅಕ್ಟೋಬರ್‌ಗೆ ಮುಗಿಸಿದೆ, ಇನ್ನು ಸುರಕ್ಷತೆಯ ಅಪ್‌ಡೇಟ್ ಮಾತ್ರ.

ಎಎಂಡಿಯ ಆರ್‌ಎಕ್ಸ್ 6400 ಬರೀ 53 ವಾಟ್, ಪುಟ್ಟ ಕ್ಯಾಬಿನೆಟ್‌ಗೆ ಹೊಂದುತ್ತದೆ. ಆದರೆ ಅದು ಸ್ಲಾಟಿನಲ್ಲಿ ನಾಲ್ಕೇ ಲೇನ್, ಅಂದರೆ ಮಾಹಿತಿ ಓಡಾಡುವ ದಾರಿ, ಬಳಸುತ್ತದೆ. ಪಿಸಿಐ ಎಕ್ಸ್‌ಪ್ರೆಸ್ 4.0 ಇರುವ ಹೊಸ ಮದರ್‌ಬೋರ್ಡಿನಲ್ಲಿ ಸರಿ, 3.0 ಇರುವ ಹಳೆಯದರಲ್ಲಿ ದಾರಿ ಅರ್ಧಕ್ಕೆ ಕಿರಿದಾಗಿ ವೇಗ ಕುಸಿಯುತ್ತದೆ. ಹಳೇ ಕಂಪ್ಯೂಟರ್‌ಗೆ ಚಿಕ್ಕ ಕಾರ್ಡ್ ಅಂತ ಅದನ್ನೇ ಕೊಡಲು ಬರುತ್ತಾರೆ, ಅದೇ ಬೇಸರ. ಇಂಟೆಲ್‌ನ ಆರ್ಕ್ ಎ380ಯೂ ಹಾಗೇ: ರೀಸೈಜಬಲ್ ಬಾರ್ ಅನ್ನುವ ಸೌಲಭ್ಯ ಇಲ್ಲದ ಬೋರ್ಡಿನಲ್ಲಿ ಅದು ಏದುಸಿರು ಬಿಡುತ್ತದೆ, ಪ್ರೊಸೆಸರ್ ಇಂಟೆಲ್‌ನ 10ನೇ ತಲೆಮಾರಿಗಿಂತ ಹಳೆಯದಾದರೆ ಆ ಕಡೆ ಹೋಗಬೇಡಿ.

ಫುಲ್ ಎಚ್‌ಡಿ ಮಾನಿಟರ್ ಇದೆ, ಎಸ್‌ಎಂಪಿಎಸ್ ಚೆನ್ನಾಗಿದೆ, 8 ಪಿನ್ ವೈರ್ ಇದೆ ಅಂದರೆ ಆರ್‌ಎಕ್ಸ್ 6600 ಒಳ್ಳೆಯದು, 132 ವಾಟ್, 8 ಜಿಬಿ. ಅದಕ್ಕಿಂತ ಮೇಲೆ ಹೋಗಲು ಈ ಮಾನಿಟರ್ ಇರುವವರೆಗೆ ಕಾರಣ ಕಾಣುವುದಿಲ್ಲ.

ಜಿಟಿ 710, ಜಿಟಿ 730 ಮಾತ್ರ ಆಟಕ್ಕೆ ಅಂತ ತರಬೇಡಿ. "4 ಜಿಬಿ ಕಾರ್ಡ್ ಸರ್, ಎಲ್ಲಾ ಗೇಮ್ ಓಡತ್ತೆ" ಅನ್ನುತ್ತಾರೆ. ಮೆಮೊರಿ ಎಷ್ಟಿದ್ದರೇನು, ಚಿಪ್ಪಿನಲ್ಲಿ ಶಕ್ತಿಯೇ ಇಲ್ಲ. ಜಿಟಿ 1030 ಕೊಳ್ಳಲೇಬೇಕಾದರೆ ಜಿಡಿಡಿಆರ್5 ಬಗೆಯ ಮೆಮೊರಿ ಇರುವುದನ್ನೇ ಕೇಳಿ. ಅದೇ ಹೆಸರಿನ ಡಿಡಿಆರ್4 ಕಾರ್ಡಿನಲ್ಲಿ ಮೆಮೊರಿಯ ವೇಗ ಸೆಕೆಂಡಿಗೆ 48 ಜಿಬಿಯಿಂದ 17ರ ಆಸುಪಾಸಿಗೆ ಇಳಿಯುತ್ತದೆ.

ಅಂಗಡಿಗೆ ಹೋದಾಗ

ಭಾನುವಾರ ಎಸ್.ಪಿ. ರೋಡಿನಲ್ಲಿ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಕಾರು ತಗೊಂಡು ಹೋಗಬೇಡಿ. ಮೆಟ್ರೊ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ನಡೆಯಿರಿ. ಆನ್‌ಲೈನ್ ಬೆಲೆ ನೋಡಿಕೊಂಡೇ ಹೋಗಿ, ನಾಲ್ಕಾರು ಅಂಗಡಿ ವಿಚಾರಿಸಿ. ಜಿಎಸ್‌ಟಿ ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀವಿ ಅಂದರೂ ಬಿಲ್ ಬಿಡಬೇಡಿ, ಮುಂದೆ ವಾರಂಟಿ ಕೇಳುವಾಗ ಅದೇ ಆಧಾರ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಬಾಕ್ಸ್ ಮೇಲಿನದಕ್ಕೆ ತಾಳೆ ನೋಡಿ.

ಸೆಕೆಂಡ್ ಹ್ಯಾಂಡ್ ಆದರೆ ಕಾರ್ಡ್ ಓಡುತ್ತಿರುವುದನ್ನು ನೋಡದೆ ದುಡ್ಡು ಕೊಡಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಮೈನಿಂಗ್ (ಕಾರ್ಡ್‌ಗಳನ್ನು ಓಡಿಸಿ ಆ ಕ್ರಿಪ್ಟೊ ಹಣ ಗಳಿಸುವ ಕೆಲಸ) ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು, ಆರ್‌ಎಕ್ಸ್ 580 ಅದರಲ್ಲಿ ಮುಖ್ಯವಾದದ್ದು. ಅಂಥದ್ದು 185 ವಾಟ್ ಎಳೆಯುತ್ತದೆ ಬೇರೆ. ಜಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಹಳೇ ಚಿಪ್ಪಿಗೆ ಹೊಸ ಹೆಸರು ಹಚ್ಚಿದ ನಕಲಿ ಕಾರ್ಡಾದರೆ ಎಷ್ಟೋ ಸಲ ಹೆಸರಿನ ಮುಂದೆಯೇ ಫೇಕ್ ಅಂತ ತೋರಿಸುತ್ತದೆ. ಆಮೇಲೆ ಕಾರ್ಡಿಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ ತಂತ್ರಾಂಶ ಹಾಕಿ ಹತ್ತು ನಿಮಿಷ ಬಿಡಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬಂದರೆ, ಫ್ಯಾನ್ ಕರಕರ ಅಂದರೆ, ಬೇಡ ಅಂತ ಎದ್ದು ಬನ್ನಿ.

ಮನೆಗೆ ತಂದ ಮೇಲೆ

ಕಾರ್ಡ್ ಸ್ಲಾಟಿಗೆ ಟಕ್ ಅಂತ ಕೂರುವವರೆಗೆ ಒತ್ತಿ ಸ್ಕ್ರೂ ಹಾಕಿ. ಮಾನಿಟರ್ ಕೇಬಲ್ ಹೊಸ ಕಾರ್ಡಿನ ಪೋರ್ಟಿಗೆ ಹಾಕಬೇಕು, ಮೊದಲಿನ ಮದರ್‌ಬೋರ್ಡ್ ಪೋರ್ಟಿಗಲ್ಲ. ಕಾರ್ಡ್ ಹಾಕಿದರೂ ಆಟ ಮೊದಲಿನ ಹಾಗೇ ಇದೆ ಅನ್ನುವವರು ಮೊದಲು ಇದನ್ನು ನೋಡಿಕೊಳ್ಳಿ. ಡ್ರೈವರ್ ಕಂಪನಿಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಕೊನೆಗೆ ಡ್ರೈವರ್ ಸೆಟ್ಟಿಂಗಿನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ (ಸೆಕೆಂಡಿಗೆ ಗರಿಷ್ಠ ಚಿತ್ರ) 60ಕ್ಕೆ ಕಟ್ಟಿ. ಕಾರ್ಡ್ ತಣ್ಣಗಿರುತ್ತದೆ, ಫ್ಯಾನ್ ಸದ್ದು ಕಡಿಮೆ, ಯುಪಿಎಸ್‌ಗೂ ಹಗುರ. ಇಷ್ಟು ಮಾಡಿದ ಮೇಲೂ ಹಳೇ ಆಟಗಳಲ್ಲಿ ಕಾರ್ಡಿಗೆ ಶಕ್ತಿ ಉಳಿದರೆ ಎನ್‌ವಿಡಿಯಾದಲ್ಲಿ ಡಿಎಸ್‌ಆರ್, ಎಎಂಡಿಯಲ್ಲಿ ವಿಎಸ್‌ಆರ್ ಆನ್ ಮಾಡಿ ನೋಡಿ. ಆಟವನ್ನು ದೊಡ್ಡ ರೆಸಲ್ಯೂಷನ್ನಿನಲ್ಲಿ ಬಿಡಿಸಿ ನಿಮ್ಮ ಪರದೆಯ ಅಳತೆಗೆ ಇಳಿಸಿ ತೋರಿಸುತ್ತದೆ. 1366×768ರ ಮಾನಿಟರಿನಲ್ಲೂ ವಿದ್ಯುತ್ ತಂತಿ, ಮರದ ಎಲೆ, ದೂರದ ಬೇಲಿಗಳ ಅಂಚು ಮೊದಲಿಗಿಂತ ಎಷ್ಟೋ ನಯವಾಗಿ ಕಾಣುತ್ತದೆ.