ಅಮೆರಿಕದಲ್ಲಿ ಹೆರಿಗೆ: ಜಿಬಿಎಸ್ ರಿಪೋರ್ಟ್ ಪಾಸಿಟಿವ್ ಬಂದರೆ

ಒಂಬತ್ತನೇ ತಿಂಗಳಲ್ಲಿ ಆಸ್ಪತ್ರೆಯ ಆ್ಯಪ್‌ನಲ್ಲಿ ‘ಗ್ರೂಪ್ ಬಿ ಸ್ಟ್ರೆಪ್: ಪಾಸಿಟಿವ್’ ಅಂತ ರಿಪೋರ್ಟ್ ಬರಬಹುದು. ಜಿಬಿಎಸ್ ಅಂದರೆ ಇದೇ, ಒಂದು ಬಗೆಯ ಬ್ಯಾಕ್ಟೀರಿಯಾ. ಇಲ್ಲಿ ಎಷ್ಟೋ ಸಲ ಡಾಕ್ಟರ್ ಮಾತಾಡುವ ಮೊದಲೇ ರಿಪೋರ್ಟ್ ನಿಮ್ಮ ಫೋನಿಗೆ ಬಂದಿರುತ್ತದೆ. ರಾತ್ರಿ ಹೊತ್ತು ಅದನ್ನು ನೋಡಿ ಗಾಬರಿಯಾಗುವುದು ಸಹಜ.

ಆದರೆ ಅದು ನಿಮಗೆ ಕಾಯಿಲೆ ಬಂದಿದೆ ಅನ್ನುವ ಸುದ್ದಿಯಲ್ಲ. ಸುಮಾರು ನಾಲ್ವರು ಗರ್ಭಿಣಿಯರಲ್ಲಿ ಒಬ್ಬರ ಮೈಯಲ್ಲಿ ಈ ಬ್ಯಾಕ್ಟೀರಿಯಾ ಇರುತ್ತದೆ. ಕರುಳಿನಲ್ಲಿ, ಯೋನಿಯಲ್ಲಿ ತನ್ನ ಪಾಡಿಗೆ ಇರುತ್ತದೆ, ತಾನಾಗಿಯೇ ಹೋಗುತ್ತದೆ, ಮತ್ತೆ ಬರುತ್ತದೆ. ಶುಚಿ ಸಾಲದು ಅಂತಲೋ, ಹೊರಗಿನ ಊಟದಿಂದಲೋ ಬಂದದ್ದಲ್ಲ. ಲೈಂಗಿಕ ರೋಗವೂ ಅಲ್ಲ, ಗಂಡನ ಮೇಲೆ ಸುಮ್ನೆ ಅನುಮಾನ ಬೇಡ. ದೊಡ್ಡ ಮಗುವಿಗೆ ಸ್ಕೂಲಿನಲ್ಲಿ ಅಂಟುವ ‘ಸ್ಟ್ರೆಪ್ ಥ್ರೋಟ್’ ಬೇರೆ, ಅದು ಗ್ರೂಪ್ ಎ.

ಚಿಂತೆ ಇರುವುದು ಮಗುವಿನದು. ಹೆರಿಗೆಯ ಹೊತ್ತಿನಲ್ಲಿ ತಗಲಿದರೆ ಅಪರೂಪಕ್ಕೆ ರಕ್ತದ ಸೋಂಕು, ನ್ಯುಮೋನಿಯಾ, ಮೆದುಳು ಪೊರೆಯ ಸೋಂಕು ಆಗಬಹುದು. ಪಾಸಿಟಿವ್ ಇರುವ ತಾಯಿಗೆ ಔಷಧಿ ಕೊಡದಿದ್ದರೆ ಸುಮಾರು 200 ಮಕ್ಕಳಲ್ಲಿ ಒಂದಕ್ಕೆ, ಕೊಟ್ಟರೆ 4,000ದಲ್ಲಿ ಒಂದಕ್ಕೆ ಹೀಗಾಗುತ್ತದೆ.

ಪರೀಕ್ಷೆ 36–37ನೇ ವಾರದಲ್ಲಿ. ಯೋನಿ ಮತ್ತು ಮಲದ್ವಾರದಲ್ಲಿ ಹತ್ತಿಕಡ್ಡಿ ಆಡಿಸುತ್ತಾರೆ, ನೋವಿಲ್ಲ. ಸಂಕೋಚವಾದರೆ ನಾನೇ ತೆಗೆದುಕೊಡಲೇ ಅಂತ ಕೇಳಿ ನೋಡಿ. ಲಂಡನ್ನಿನ ಅಕ್ಕ ‘ನನಗೆ ಈ ಟೆಸ್ಟೇ ಮಾಡಲಿಲ್ಲ’ ಅಂದರೆ ಅದೂ ನಿಜವೇ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಮಾಡುವುದಿಲ್ಲ. ಬಸುರಿಯಾಗಿದ್ದಾಗಲೇ ಬೆಂಗಳೂರಿಂದ ಬಂದಿದ್ದರೆ ಅಲ್ಲಿನ ಫೈಲ್ ಪೂರ್ತಿ ತನ್ನಿ. ಈ ಬಸಿರಿನಲ್ಲೇ ಮೂತ್ರ ಪರೀಕ್ಷೆಯಲ್ಲಿ ಜಿಬಿಎಸ್ ಕಂಡಿದ್ದರೆ, ಅಥವಾ ಹಿಂದಿನ ಮಗುವಿಗೆ ಈ ಸೋಂಕು ಆಗಿದ್ದರೆ, ಹೊಸ ಟೆಸ್ಟಿಗೆ ಕಾಯದೆ ಹೆರಿಗೆಯಲ್ಲಿ ಔಷಧಿ ಕೊಡುತ್ತಾರೆ.

ಈಗ ಮುಖ್ಯವಾದ ವಿಷಯ. ಔಷಧಿ ಅಂದರೆ ಪೆನಿಸಿಲಿನ್ ಡ್ರಿಪ್, ಹೆರಿಗೆ ಮುಗಿಯುವವರೆಗೆ ನಾಲ್ಕು ಗಂಟೆಗೊಮ್ಮೆ. ಮಗು ಹುಟ್ಟುವುದಕ್ಕೆ ಕನಿಷ್ಠ ನಾಲ್ಕು ಗಂಟೆ ಮುಂಚೆ ಶುರುವಾದರೆ ಒಳ್ಳೆಯದು. ಹಾಗಾಗಿ ನೀರು ಒಡೆದರೆ ‘ನೋವು ಬರಲಿ, ಆಮೇಲೆ ಹೊರಡೋಣ’ ಅಂತ ಮನೆಯಲ್ಲಿ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ. ಎರಡನೇ ಹೆರಿಗೆ ಬೇಗ ಆಗುವುದು ಜಾಸ್ತಿ, ಇನ್ನೂ ಮೊದಲೇ ಹೊರಡಿ. ಹೋದ ತಕ್ಷಣ ‘ಜಿಬಿಎಸ್ ಪಾಸಿಟಿವ್’ ಅಂತ ನರ್ಸಿಗೆ ನೀವೇ ಹೇಳಿ. ಊರಿಂದ ತಂದ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಮೊದಲೇ ನುಂಗಿ ಪ್ರಯೋಜನವಿಲ್ಲ, ಹೆರಿಗೆಯ ಹೊತ್ತಿಗೆ ಬ್ಯಾಕ್ಟೀರಿಯಾ ಮತ್ತೆ ಬಂದಿರುತ್ತದೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಆಗ ಏನಾಗಿತ್ತು, ಬರೀ ಗುಳ್ಳೆಯೋ ಉಸಿರೇ ಕಟ್ಟಿತ್ತೋ, ಬಿಡಿಸಿ ಹೇಳಿ. ಅದನ್ನು ನೋಡಿಯೇ ಬೇರೆ ಔಷಧಿ ಆರಿಸುತ್ತಾರೆ. ನೋವು ಶುರುವಾಗುವ, ನೀರು ಒಡೆಯುವ ಮೊದಲೇ ಸಿಸೇರಿಯನ್ ಆದರೆ ಜಿಬಿಎಸ್‌ಗೆಂದು ಈ ಡ್ರಿಪ್ ಬೇಕಿಲ್ಲ.

ಎದೆಹಾಲು ಧಾರಾಳವಾಗಿ ಕೊಡಿ.

ಬಾಣಂತನಕ್ಕೆ ಬಂದ ಅಮ್ಮ, ಅತ್ತೆಯವರಿಗೂ ಒಂದು ಮಾತು ಹೇಳಿಡಿ. ಡ್ರಿಪ್ ತಡೆಯುವುದು ಮೊದಲ ವಾರದ ಸೋಂಕನ್ನು ಮಾತ್ರ, ಮೂರು ತಿಂಗಳವರೆಗೂ ಅದು ಬರಬಹುದು. ಮಗು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಸಡಿಲವಾದರೆ, ಉಸಿರಾಡುವಾಗ ನರಳಿದರೆ, ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ‘ನೀರು ಹಾಕಿದ್ದಕ್ಕೆ ಥಂಡಿಯಾಗಿದೆ’ ಅಂತ ಬೆಳಗಿನವರೆಗೆ ಕಾಯಬೇಡಿ. ಜ್ವರದ ಹನಿ ಕೊಟ್ಟು ನೋಡುವುದೂ ಬೇಡ. ರಾತ್ರಿಯಾದರೂ ಡಾಕ್ಟರಿಗೆ ಫೋನ್ ಮಾಡಿ. ಉಸಿರಿಗೆ ಕಷ್ಟವಾದರೆ ಅಥವಾ ಮೈ ನೀಲಿಗಟ್ಟಿದರೆ ನೇರ 911.